ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ಹೆಚ್ಚುವರಿ ವಾರಂಟಿ ಕೊಳ್ಳಬೇಕೇ?

ಪ್ರಶ್ನೆ: ಬಾರ್ಕೂರಿನ ಕೃಷಿಕ

ಎಲ್ಲರಿಗೂ ನಮಸ್ಕಾರ. ಬಾರ್ಕೂರಿನ ಸಮೀಪ ಸೀತಾನದಿಯ ಬದಿಯಲ್ಲಿ ನಮಗೆ ನಾಲ್ಕು ಎಕರೆಯಷ್ಟು ಬೈಲುಗದ್ದೆಯೂ (ನೀರು ನಿಲ್ಲುವ ತಗ್ಗಿನ ಗದ್ದೆ), ಅದರ ಮೇಲ್ಬದಿಯಲ್ಲಿ ಸ್ವಲ್ಪ ಮಜಲು ಗದ್ದೆ ಮತ್ತು ಅಡಿಕೆ ತೋಟವೂ ಇವೆ. ಇದುವರೆಗೆ ಟಿಲ್ಲರಿನಲ್ಲಿ ಅಥವಾ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತಂದ ಟ್ರ್ಯಾಕ್ಟರಿನಲ್ಲಿ ಉಳುಮೆ ಮಾಡಿಸುತ್ತಿದ್ದೆವು. ಏಣೆಲಿನ (ಮಳೆಗಾಲದ ಮೊದಲ ಭತ್ತದ ಬೆಳೆಯ) ಸಮಯದಲ್ಲಿ ಊರಿನವರೆಲ್ಲರಿಗೂ ಒಂದೇ ವಾರದಲ್ಲಿ ಯಂತ್ರ ಬೇಕಾಗುವುದರಿಂದ ನಮ್ಮ ಸರದಿ ಬರುವಷ್ಟರಲ್ಲಿ ನೇಜಿ (ನಾಟಿಯ ಸಸಿ) ಬಲಿತುಬಿಡುತ್ತದೆ. ಆದ್ದರಿಂದ ಪತ್ತನಾಜೆಯ (ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ಒಳಗೆ ಸ್ವಂತ ಟ್ರ್ಯಾಕ್ಟರ್ ತರುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ.

ನೋಡಿಟ್ಟಿರುವುದು 42 ಹೆಚ್‌ಪಿಯ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್. ಬೆಲೆ ಸುಮಾರು 8 ಲಕ್ಷ. ಕಂಪನಿಯ ವಾರಂಟಿ 2 ವರ್ಷ ಅಥವಾ 2,000 ಗಂಟೆ, ಯಾವುದು ಮೊದಲೋ ಅದು. ಇದರ ಮೇಲೆ ಇನ್ನೂ ಮೂರು ವರ್ಷ ಸೇರಿಸಿ, ಒಟ್ಟು 5 ವರ್ಷ ಅಥವಾ 5,000 ಗಂಟೆಗೆ ವಾರಂಟಿ ವಿಸ್ತರಿಸಲು 18,000 ರೂಪಾಯಿ ಆಗುತ್ತದೆ ಎಂದು ಶೋರೂಮಿನವರು ಹೇಳುತ್ತಾರೆ. ಬಿಲ್ ಮಾಡುವ ದಿನವೇ ತೆಗೆದುಕೊಳ್ಳಬೇಕು, ಆಮೇಲೆ ಸಿಗುವುದಿಲ್ಲ, ಕೈಯಲ್ಲಿ ಹಣವಿಲ್ಲದಿದ್ದರೆ ಸಾಲಕ್ಕೇ ಸೇರಿಸಬಹುದು ಎಂಬುದು ಅವರ ಮಾತು. ತಂದೆಯವರು "ಇಷ್ಟು ಕೊಟ್ಟವರು ಅದೊಂದನ್ನು ಯಾಕೆ ಬಿಡುವುದು" ಎನ್ನುತ್ತಾರೆ. ಭಾವನವರು ಅದು ಶೋರೂಮಿನವರ ಕಮಿಷನ್ನಿಗೆ ಮಾಡಿದ ವ್ಯವಸ್ಥೆ ಎನ್ನುತ್ತಾರೆ.

ನಮ್ಮ ಸ್ವಂತ ಗದ್ದೆ ಮತ್ತು ನೆರೆಕರೆಯವರ ಒಂದಿಷ್ಟು ಬಾಡಿಗೆ ಕೆಲಸ ಸೇರಿ ವರ್ಷಕ್ಕೆ 300 ಗಂಟೆ ಓಡಬಹುದೆಂದು ಅಂದಾಜು. ನಾಟಿ ಮುಗಿದ ಮೇಲೆ ಆಟಿಯಿಂದ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಸುಗ್ಗಿ, ಅಂದರೆ ಎರಡನೆಯ ಬೆಳೆಯ ಉಳುಮೆಯವರೆಗೆ ಹೆಚ್ಚಿನ ದಿನ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಂತಿರುತ್ತದೆ. ಇಂಥ ಬಳಕೆಗೆ ಆ 18,000 ರೂಪಾಯಿ ಕೊಡುವುದು ಯೋಗ್ಯವೇ ಎಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ಕುಂದಾಪುರದಿಂದ

ಬೆಲೆಯ ಮಾತು ಆಮೇಲೆ ಇರಲಿ. ಆ ವಾರಂಟಿಯನ್ನು ಕೊಡುವವರು ಯಾರು ಎಂಬುದನ್ನು ಮೊದಲು ಕೇಳಿರಿ. ಟ್ರ್ಯಾಕ್ಟರ್ ತಯಾರಿಸುವ ಕಂಪನಿಯೇ ಕೊಡುವುದಾದರೆ ಬೇರೆ ಊರಿನ ಅಧಿಕೃತ ಸರ್ವಿಸ್ ಕೇಂದ್ರದಲ್ಲಿಯೂ ಅದು ನಡೆಯುತ್ತದೆ. ಶೋರೂಮಿನವರೇ ಸ್ವಂತ ಲೆಟರ್‌ಹೆಡ್‌ನಲ್ಲಿ ಬರೆದು ಕೊಡುವುದಾದರೆ, ನಾಳೆ ಅವರ ಡೀಲರ್‌ಶಿಪ್ ಹೋದ ದಿನ ನಿಮ್ಮ ಕಾಗದಕ್ಕೂ ಬೆಲೆ ಇರುವುದಿಲ್ಲ. ಷರತ್ತುಗಳ ಪೂರ್ಣ ಪ್ರತಿಯನ್ನು ಹಣ ಕೊಡುವ ಮೊದಲೇ ಕೈಗೆ ತೆಗೆದುಕೊಳ್ಳಿ. ಬಣ್ಣದ ಕರಪತ್ರ ಷರತ್ತಿನ ಪ್ರತಿಯಲ್ಲ. ಈಗ ಕೆಲವು ಕಂಪನಿಗಳು ಹೆಚ್ಚಿನ ಹಣ ಕೇಳದೆಯೇ 5 ಅಥವಾ 6 ವರ್ಷದ ವಾರಂಟಿ ಕೊಡುತ್ತಿರುವುದರಿಂದ, ಇನ್ನೊಂದು ಶೋರೂಮಿಗೆ ಹೋಗಿ ಬಂದ ಮೇಲೆ ತೀರ್ಮಾನ ಮಾಡಿದರೂ ನಷ್ಟವಿಲ್ಲ.

ಉತ್ತರ: ಮೂಡುಬಿದಿರೆಯ ಮೆಕ್ಯಾನಿಕ್

ನಾನು ಅನೇಕ ವರ್ಷ ಟ್ರ್ಯಾಕ್ಟರ್ ಮತ್ತು ಟಿಲ್ಲರ್ ರಿಪೇರಿಯಲ್ಲೇ ಇದ್ದವನು. ತಾವು ಗಂಟೆಯ ಲೆಕ್ಕ ಕೊಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಈ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಅರ್ಧ ಇದೆ. ವರ್ಷಕ್ಕೆ 300 ಗಂಟೆಯಂತೆ 5 ವರ್ಷದಲ್ಲಿ ಒಟ್ಟು 1,500 ಗಂಟೆಯಾಗುತ್ತದೆ. ಅಂದರೆ ಕಂಪನಿಯವರು ಮೊದಲೇ ಕೊಟ್ಟಿರುವ 2,000 ಗಂಟೆಯ ಮಿತಿಯನ್ನೇ ತಾವು ಐದು ವರ್ಷದಲ್ಲಿ ಮುಟ್ಟುವುದಿಲ್ಲ. 5,000 ಗಂಟೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದು ತಮಗೆ ಸಂಬಂಧಿಸಿದ್ದಲ್ಲ. ತಾವು ಕೊಳ್ಳುತ್ತಿರುವುದು ಬರಿಯ ಮೂರು ವರ್ಷದ ಕಾಲಾವಧಿಯನ್ನು.

ಇದರಿಂದ ವಾರಂಟಿ ವ್ಯರ್ಥವೆಂದು ತಕ್ಷಣ ಹೇಳುವಂತೆಯೂ ಇಲ್ಲ. ತಯಾರಿಕೆಯ ದೋಷ, ಅಂದರೆ ಎರಕದಲ್ಲಿ ಉಳಿದ ಬಿರುಕು, ಸರಿಯಾಗಿ ಕೂಡದ ಬೇರಿಂಗ್, ಹದ ತಪ್ಪಿದ ಗೇರ್ ಮುಂತಾದವು ಸಾಮಾನ್ಯವಾಗಿ ಯಂತ್ರದ ಆರಂಭದ ದುಡಿಮೆಯಲ್ಲಿಯೇ ಹೊರಬೀಳುತ್ತವೆ. ಹೆಚ್ಚು ಓಡಿಸುವವರಿಗೆ ಅದು ಒಂದೇ ವರ್ಷದಲ್ಲಿ ಗೊತ್ತಾಗಿಬಿಡುತ್ತದೆ. ತಮ್ಮ ಟ್ರ್ಯಾಕ್ಟರ್ ಎರಡು ವರ್ಷದಲ್ಲಿ ಓಡುವುದು 600 ಗಂಟೆ ಮಾತ್ರವಾದ್ದರಿಂದ, 800 ಅಥವಾ 900ನೇ ಗಂಟೆಯಲ್ಲಿ ಕಾಣಿಸಿಕೊಳ್ಳಬೇಕಾದ ದೋಷವು ಮೂರನೆಯ ವರ್ಷಕ್ಕೆ, ಅಂದರೆ ಕಂಪನಿಯ ವಾರಂಟಿ ಮುಗಿದ ಮೇಲೆ ಬರುವ ಸಾಧ್ಯತೆ ಇದೆ. ಕಡಿಮೆ ಓಡಿಸುವವರು ಹೆಚ್ಚುವರಿ ವಾರಂಟಿ ಕೊಳ್ಳಲು ನನಗೆ ತಿಳಿದಂತೆ ಇರುವ ಬಲವಾದ ಕಾರಣ ಇದೊಂದೇ. ಶೋರೂಮಿನಲ್ಲಿ ಇದನ್ನು ಹೇಳುವವರನ್ನು ಮಾತ್ರ ನಾನು ಕಂಡಿಲ್ಲ.

ಆದರೆ ನಮ್ಮ ಕರಾವಳಿಯಲ್ಲಿ ಟ್ರ್ಯಾಕ್ಟರ್ ಹಾಳಾಗುವುದು ತಯಾರಿಕೆಯ ದೋಷದಿಂದಲ್ಲ. ವರ್ಷಕ್ಕೆ 4,000 ಮಿಲಿಮೀಟರ್‌ನ ಆಸುಪಾಸಿನಲ್ಲಿ ಮಳೆ ಬೀಳುವ ಈ ಊರುಗಳಲ್ಲಿ ಅದನ್ನು ಹಾಳು ಮಾಡುವುದು ನೀರು. ಬೈಲುಗದ್ದೆಯಲ್ಲಿ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಕೆಸರು ಮಾಡುವಾಗ ಮುಂದಿನ ಹಬ್ಬುಗಳು, ಅಂದರೆ ಚಕ್ರದ ನಡುಭಾಗಗಳು, ನೀರಿನೊಳಗೆ ಮುಳುಗಿಯೇ ತಿರುಗುತ್ತವೆ. ಕೆಲಸ ಮಾಡಿ ಬಿಸಿಯಾದ ಹಬ್ ತಣ್ಣಗಿನ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆಯಾದ ಆಯಿಲ್ ಸೀಲ್ ಸ್ವಲ್ಪ ಸವೆದಿದ್ದರೆ ಅದರ ಅಂಚಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹುಲ್ಲು, ಕಳೆಬೇರು, ಗೊಬ್ಬರದ ಚೀಲದ ನೂಲು ಆಕ್ಸಲಿಗೆ ಸುತ್ತಿಕೊಂಡು ಸೀಲನ್ನು ತಿನ್ನುವುದು ಬೇರೆ. ಒಳಗೆ ಹೋದ ನೀರು ಆಯಿಲಿನೊಡನೆ ಕಡೆದು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬರುತ್ತದೆ. ಆ ಆಯಿಲಿಗೆ ಗೇರಿನ ಹಲ್ಲುಗಳ ನಡುವೆ ನಿಲ್ಲುವ ಶಕ್ತಿ ಇರುವುದಿಲ್ಲ. ಮಾಲೀಕರು ನಾಟಿ ಮುಗಿಯಿತೆಂದು ಟ್ರ್ಯಾಕ್ಟರನ್ನು ಹಾಗೆಯೇ ನಿಲ್ಲಿಸುತ್ತಾರೆ. ನೀರು ತಳಕ್ಕಿಳಿದು ಬೇರಿಂಗಿನ ಕೆಳಗಿನ ಅರ್ಧಕ್ಕೆ ತಿಂಗಳುಗಟ್ಟಲೆ ತುಕ್ಕು ಹಿಡಿಸುತ್ತದೆ.

ಈಗ ಆ ಬೇರಿಂಗ್ ಹೋಯಿತೆಂದು ವಾರಂಟಿಗೆ ತೆಗೆದುಕೊಂಡು ಹೋದರೆ ಆಗುವುದೇನು? ಕಂಪನಿಯ ಕಡೆಯವರು ಬಿಚ್ಚಿ ನೋಡುತ್ತಾರೆ, ರೋಲರುಗಳ ಮೇಲೆ ಒಂದೇ ಅಂತರದಲ್ಲಿ ಕುಳಿತ ತುಕ್ಕಿನ ಗೆರೆಗಳನ್ನು ಫೋಟೋ ತೆಗೆಯುತ್ತಾರೆ, "ಹೊರಗಿನಿಂದ ನೀರು ಹೋಗಿದೆ" ಎಂದು ವರದಿ ಬರೆಯುತ್ತಾರೆ. ಅಲ್ಲಿಗೆ ಕ್ಲೇಮ್ ಮುಗಿಯಿತು. ಸೀಲ್ ಸವೆಯುವ ವಸ್ತುವೆಂದು ಪಟ್ಟಿಯಿಂದ ಹೊರಗಿರುತ್ತದೆ, ನೀರಿನಿಂದಾದ ಹಾನಿ ನಿರ್ವಹಣೆಯ ಲೋಪವೆಂದು ಹೊರಗೆ ಹೋಗುತ್ತದೆ. ಕ್ಲಚ್ ಪ್ಲೇಟ್, ಬ್ರೇಕ್, ಬೆಲ್ಟ್, ಹೋಸ್ ಪೈಪುಗಳೂ ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ. ಟೈರ್ ಮತ್ತು ಬ್ಯಾಟರಿಗೆ ಅವುಗಳನ್ನು ತಯಾರಿಸಿದವರ ವಾರಂಟಿ ಬೇರೆಯೇ ಇರುತ್ತದೆ. ನಿಂತ ಟ್ರ್ಯಾಕ್ಟರಿನ ವೈರಿಂಗನ್ನು ಇಲಿ ಕಡಿದರೆ ಅದಂತೂ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ನೀರು ಹೋಗಿದೆಯೇ ಎಂದು ತಿಳಿಯಲು ಗ್ಯಾರೇಜು ಬೇಕಾಗಿಲ್ಲ. ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ನಿಂತ ಟ್ರ್ಯಾಕ್ಟರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಹಬ್ಬಿನ ಕೆಳಗಿನ ಡ್ರೈನ್ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸಿ, ಕೆಳಗೊಂದು ಬಿಳಿಯ ತಟ್ಟೆ ಹಿಡಿಯಬೇಕು. ನೀರು ಆಯಿಲಿಗಿಂತ ಭಾರವಾದ್ದರಿಂದ ಇದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಆಯಿಲೇ ಬಂದರೆ ಪ್ಲಗ್ ಬಿಗಿದು ಕೆಲಸಕ್ಕೆ ಹೋಗಬಹುದು. ನೀರು ಬಂದರೆ ಸೀಲ್ ಬದಲಿಸಿ ಆಯಿಲ್ ಹೊಸತು ಹಾಕುವ ಖರ್ಚಿನಲ್ಲಿ ಮುಗಿಯುತ್ತದೆ. ಅದನ್ನು ಬಿಟ್ಟರೆ ಬೇರಿಂಗ್, ಆಮೇಲೆ ಗೇರ್ ಎಂದು ಹತ್ತಾರು ಸಾವಿರದ ಬಿಲ್ ಆಗುತ್ತದೆ. ಸೀತಾನದಿಯ ಬದಿ ಎಂದಿದ್ದೀರಿ. ಬೇಸಗೆಯಲ್ಲಿ ಉಪ್ಪುನೀರು ಮೇಲೇರುವ ಜಾಗವಾದರೆ ಪ್ರತಿದಿನದ ಕೆಲಸ ಮುಗಿದೊಡನೆ ಬಾವಿಯ ಸಿಹಿನೀರಿನಿಂದ ತೊಳೆಯಲೇಬೇಕು. ಆಟಿಯಲ್ಲಿ ನಿಲ್ಲಿಸುವ ಮೊದಲು ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗವಿದ್ದಷ್ಟೂ ಒಳಗೆ ತೇವ ಕಟ್ಟುತ್ತದೆ.

ಇನ್ನೊಂದು ವಿಚಾರ. 2023ರ ಜನವರಿ 1ರಿಂದ 50 ಹೆಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಬಂದ ಮೇಲೆ ಅವುಗಳ ಎಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಹೆಚ್ಚಾಗಿದೆ. ಅಂಥದ್ದನ್ನು ಕೊಳ್ಳುವವರಿಗೆ ನಾನು ಹೆಚ್ಚು ಯೋಚಿಸದೆ ವಾರಂಟಿ ತೆಗೆದುಕೊಳ್ಳಿ ಎನ್ನುತ್ತೇನೆ, ಏಕೆಂದರೆ ಅದರ ಒಂದು ಸೆನ್ಸರ್ ಕೆಟ್ಟರೂ ನಮ್ಮಂಥ ಊರ ಮೆಕ್ಯಾನಿಕ್ಕುಗಳ ಕೈಗೆ ಬಗ್ಗುವುದಿಲ್ಲ. 42 ಹೆಚ್‌ಪಿಯದ್ದು ಹಳೆಯ ರೀತಿಯ ಡೀಸೆಲ್ ಪಂಪಿನದ್ದೇ ಆಗಿದ್ದರೆ ಪಂಪಿನ ಕೆಲಸ ಬಲ್ಲವರು ಉಡುಪಿ, ಮಂಗಳೂರಿನಲ್ಲಿ ಇದ್ದಾರೆ. ಆ ಹಣವನ್ನು ಬೇರೆ ಖಾತೆಯಲ್ಲಿ ಇಟ್ಟು ಮಳೆಗಾಲ ಮುಗಿದೊಡನೆ ವರ್ಷಕ್ಕೊಮ್ಮೆ ಸೀಲು, ಆಯಿಲಿಗೆ ಖರ್ಚು ಮಾಡುವುದು ಹೆಚ್ಚು ಪ್ರಯೋಜನಕರ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಕಾರ್ಕಳದ ಬಾಡಿಗೆ ಟ್ರ್ಯಾಕ್ಟರಿನವರು

ಮೇಲಿನವರು ನೀರಿನ ಬಗ್ಗೆ ಬರೆದದ್ದನ್ನು ಒಪ್ಪುತ್ತೇನೆ, ಆದರೆ ಕೊನೆಯ ಅಭಿಪ್ರಾಯವನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲ. ನಮ್ಮದು ಉಳುಮೆಯ ಜೊತೆಗೆ ಟ್ರೈಲರಿನಲ್ಲಿ ಕೆಂಪುಕಲ್ಲು ಸಾಗಿಸುವ ಕೆಲಸವೂ ಇರುವ ಟ್ರ್ಯಾಕ್ಟರ್. ವರ್ಷಕ್ಕೆ 900 ಗಂಟೆಗೆ ಕಡಿಮೆ ಆಗುವುದಿಲ್ಲ. ನಾವು ಹೆಚ್ಚುವರಿ ವಾರಂಟಿ ಕೊಂಡಿದ್ದೆವು. ಕಂಪನಿಯ ಅವಧಿ ಮುಗಿದ ಮೇಲೆ ಗೇರ್‌ಬಾಕ್ಸಿನಲ್ಲಿ ಶಬ್ದ ಬಂದು ಬಿಚ್ಚಿಸಿದಾಗ ಒಂದು ಗೇರಿನ ಹಲ್ಲು ಬುಡದಿಂದಲೇ ಎದ್ದಿತ್ತು. ಸರ್ವಿಸ್ ಪುಸ್ತಕದಲ್ಲಿ ಒಂದು ಮುದ್ರೆಯೂ ತಪ್ಪಿರಲಿಲ್ಲವಾದ್ದರಿಂದ ಬಿಡಿಭಾಗಕ್ಕೂ ಕೂಲಿಗೂ ಹಣ ಕೊಡಬೇಕಾಗಲಿಲ್ಲ. ಆದರೆ ಭಾಗ ಬರುವವರೆಗೆ ಏಣೆಲಿನ ಬಾಡಿಗೆಯ ಒಳ್ಳೆಯ ದಿನಗಳು ಕೈತಪ್ಪಿದವು. ಆ ನಷ್ಟವನ್ನು ಯಾವ ವಾರಂಟಿಯೂ ತುಂಬಿಕೊಡುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ನೀವು ಹೀಗೆ ಲೆಕ್ಕ ಹಾಕಿ ನೋಡಿ. ಹೆಚ್ಚುವರಿ ಮೂರು ವರ್ಷದಲ್ಲಿ ನಮ್ಮಂಥವರ ಟ್ರ್ಯಾಕ್ಟರ್ 2,700 ಗಂಟೆ ಓಡುತ್ತದೆ. 18,000 ರೂಪಾಯಿಯನ್ನು ಹಂಚಿದರೆ ಗಂಟೆಗೆ 7 ರೂಪಾಯಿಗೂ ಕಡಿಮೆ. ನಿಮ್ಮದು ಅದೇ ಮೂರು ವರ್ಷದಲ್ಲಿ 900 ಗಂಟೆ, ಅಂದರೆ ಗಂಟೆಗೆ 20 ರೂಪಾಯಿ. ನಮಗೆ ಅದು ಬಾಡಿಗೆಯ ದರದಲ್ಲಿ ಕಾಣದಂತೆ ಸೇರಿಹೋಗುತ್ತದೆ. ನಿಮಗೆ ಹಾಗಲ್ಲ. ಬಾಡಿಗೆ ಕೆಲಸ ಹೆಚ್ಚಿಸುವ ಯೋಚನೆ ಇದ್ದರೆ ಕೊಳ್ಳಿ. ಹಾಗೆ ಕೊಳ್ಳುವುದಾದರೆ ವಾಣಿಜ್ಯ ಬಳಕೆಯ ಬಗ್ಗೆ ಷರತ್ತಿನಲ್ಲಿ ಏನಿದೆ ಎಂದು ಮೊದಲೇ ಓದಿ. ರೊಟವೇಟರ್ (ತಿರುಗುವ ಅಲಗುಗಳಿಂದ ಮಣ್ಣು ಹುಡಿಮಾಡುವ ಉಪಕರಣ) ಕೂಡ ಕಂಪನಿ ಸೂಚಿಸಿದ ಅಳತೆಯದ್ದೇ ಇರಲಿ, ದೊಡ್ಡದು ಹಾಕಿದ್ದಾರೆಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಿದ್ದನ್ನು ನಮ್ಮ ಕಡೆಯೇ ಕಂಡಿದ್ದೇನೆ.

ಪ್ರಶ್ನೆ ಕೇಳಿದವರು: ಬಾರ್ಕೂರಿನ ಕೃಷಿಕ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಶೋರೂಮಿಗೆ ಹೋಗಿ ಕುಳಿತು ಷರತ್ತುಗಳ ಪುಸ್ತಿಕೆಯನ್ನೇ ತರಿಸಿಕೊಂಡೆ. ಕೊಡುವುದು ಕಂಪನಿಯೇ. ಆದರೆ ಹೆಚ್ಚುವರಿ ಅವಧಿಯಲ್ಲಿ ಸೇರುವುದು ಎಂಜಿನ್ನಿನ ಒಳಭಾಗಗಳು, ಗೇರ್‌ಬಾಕ್ಸ್ ಮತ್ತು ಹಿಂದಿನ ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು) ಮಾತ್ರ. ಮುಂದಿನ ಆಕ್ಸಲ್, ಹೈಡ್ರಾಲಿಕ್ಸ್, ವಿದ್ಯುತ್ ಭಾಗಗಳು ಇಲ್ಲ. ಮೊದಲ ಸರ್ವಿಸ್ 50 ಗಂಟೆಗೆ, ಆಮೇಲೆ ಪ್ರತಿ 250 ಗಂಟೆ ಅಥವಾ 6 ತಿಂಗಳಿಗೆ, ಯಾವುದು ಮೊದಲೋ ಅದಕ್ಕೆ, ಅಧಿಕೃತ ಕೇಂದ್ರದಲ್ಲಿಯೇ ಆಗಬೇಕು. ಬಿಲ್ ಮಾಡುವ ದಿನವೇ ಕೊಳ್ಳಬೇಕೆಂಬ ಮಾತು ಪುಸ್ತಿಕೆಯಲ್ಲಿಲ್ಲ. ಖರೀದಿಯ ದಿನದಿಂದ 6 ತಿಂಗಳೊಳಗೆ ಎಂದಿದೆ. "ವಾಣಿಜ್ಯ ಬಳಕೆಗೆ ಅನ್ವಯಿಸುವುದಿಲ್ಲ" ಎಂಬ ಒಂದು ಸಾಲು ಇದೆ, ವಿವರಣೆ ಇಲ್ಲ. ನೆರೆಕರೆಯವರ ಗದ್ದೆಯನ್ನು ಬಾಡಿಗೆಗೆ ಉಳುವುದು ಇದರಲ್ಲಿ ಸೇರುತ್ತದೆಯೇ?

ಉತ್ತರ: ಮಂಗಳೂರಿನ ವಕೀಲರು

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳಿವೆ. ಕಂಪನಿಯ ಷರತ್ತಿನಲ್ಲಿರುವ ವಾಣಿಜ್ಯ ಬಳಕೆ ಎಂಬುದು ಒಪ್ಪಂದದ ಮಾತು; ಅದರ ವ್ಯಾಪ್ತಿ ಎಷ್ಟೆಂದು ಕಂಪನಿಯಿಂದಲೇ ಬರವಣಿಗೆಯಲ್ಲಿ ಕೇಳಿ ಪಡೆಯುವುದು ಉತ್ತಮ. ಮೂರು ಸಾಲಿನ ಇ-ಮೇಲ್ ಸಾಕು: ಸ್ವಂತ ಕೃಷಿಗೆ ಕೊಳ್ಳುತ್ತಿದ್ದೇನೆ, ಹಂಗಾಮಿನಲ್ಲಿ ನೆರೆಯ ಗದ್ದೆಗಳನ್ನು ಬಾಡಿಗೆಗೆ ಉಳುತ್ತೇನೆ, ಇದಕ್ಕೆ ವಾರಂಟಿ ಅನ್ವಯಿಸುತ್ತದೆಯೇ ಎಂದು ಬರೆಯಿರಿ. ಉತ್ತರವನ್ನು ಶೋರೂಮಿನ ಸೇಲ್ಸ್‌ಮನ್ ಬಾಯಿಮಾತಿನಲ್ಲಿ ಕೊಟ್ಟರೆ ಅದರಿಂದ ಪ್ರಯೋಜನವಿಲ್ಲ.

ಎರಡನೆಯದು ಕಾನೂನಿನ ಮಾತು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ವಸ್ತು ಕೊಂಡವನು ಗ್ರಾಹಕನಾಗುವುದಿಲ್ಲ. ಆದರೆ ಅದೇ ಕಾಯ್ದೆಯ 2(7) ಕಲಮಿನ ವಿವರಣೆಯಂತೆ, ಸ್ವಯಂ ಉದ್ಯೋಗದ ಮೂಲಕ ತನ್ನ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವ ವಸ್ತುವನ್ನು ವಾಣಿಜ್ಯ ಉದ್ದೇಶದ್ದೆಂದು ಎಣಿಸುವಂತಿಲ್ಲ. ಸ್ವಂತ ಗದ್ದೆ ಉತ್ತು, ಬಿಡುವಿನಲ್ಲಿ ತಾನೇ ಓಡಿಸಿ ನಾಲ್ಕು ಮನೆಯ ಗದ್ದೆ ಉಳುವ ರೈತನ ಸ್ಥಿತಿ, ಚಾಲಕರನ್ನಿಟ್ಟು ಹಲವು ಟ್ರ್ಯಾಕ್ಟರುಗಳನ್ನು ಬಾಡಿಗೆಗೆ ಬಿಡುವವರ ಸ್ಥಿತಿಗಿಂತ ಬಲವಾಗಿದೆ. ವಿವಾದ ಬಂದರೆ, ಮಾರಿದವರು ಎಲ್ಲಿಯವರೇ ಆಗಿರಲಿ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ವ್ಯಾಜ್ಯಕಾರಣ, ಅಂದರೆ ದೂರಿಗೆ ಕಾರಣವಾದ ಸಂಗತಿ, ಉಂಟಾದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷಕ್ಕಿಂತ ಹೆಚ್ಚು, 10 ಲಕ್ಷದೊಳಗೆ ಇದ್ದರೆ ಶುಲ್ಕ 200 ರೂಪಾಯಿ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ದಾಖಲಿಸಿದರೆ ಕೆಲವು ಬಾರಿ ಅಲ್ಲಿಯೇ ಇತ್ಯರ್ಥವಾಗುತ್ತದೆ.

ಹಣದ ಲೆಕ್ಕದಲ್ಲಿಯೂ ಒಂದು ಮಾತು ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಪ್ರತ್ಯೇಕವಾಗಿ ಮಾರುವ ವಾರಂಟಿ ಸೇವೆಯೆನಿಸುವುದರಿಂದ ಅದಕ್ಕೆ ಶೇ. 18 ಬೀಳುತ್ತದೆ. ಆದ್ದರಿಂದ 18,000 ಎಂಬುದು ತೆರಿಗೆ ಸೇರಿದ ಮೊತ್ತವೇ ಎಂದು ಕೇಳಿ. ಸೇರಿರದಿದ್ದರೆ 21,240 ಆಗುತ್ತದೆ. ಸಾಲಕ್ಕೆ ಸೇರಿಸುವ ಸಲಹೆಯನ್ನಂತೂ ಒಪ್ಪಬೇಡಿ. ಶೇ. 10ರ ಬಡ್ಡಿಯಲ್ಲಿ 5 ವರ್ಷಕ್ಕೆ ಹಾಕಿದರೆ 18,000 ರೂಪಾಯಿಗೆ ನೀವು ಕಟ್ಟುವುದು 23,000ದ ಆಸುಪಾಸು. ಅದರಲ್ಲಿ ಮೊದಲ ಎರಡು ವರ್ಷ ಆರಂಭವೇ ಆಗದ ವಾರಂಟಿಗೆ ಬಡ್ಡಿ ಕಟ್ಟಿದಂತಾಗುತ್ತದೆ. ವಾಹನ ವಿಮೆ ಇದೆಯಲ್ಲ ಎಂದು ಯಾರಾದರೂ ಸಮಾಧಾನ ಹೇಳಿದರೆ ಅದನ್ನೂ ನಂಬಬೇಡಿ, ಯಂತ್ರ ತಾನಾಗಿ ಕೆಟ್ಟದ್ದಕ್ಕೆ ಸಾಮಾನ್ಯ ವಾಹನ ವಿಮೆಯಲ್ಲಿ ಪರಿಹಾರವಿಲ್ಲ.

ಉತ್ತರ: ಮೂಡುಬಿದಿರೆಯ ಮೆಕ್ಯಾನಿಕ್

ಪುಸ್ತಿಕೆ ತರಿಸಿ ಓದಿದ್ದು ಬಹಳ ಒಳ್ಳೆಯದಾಯಿತು. ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರಿನಲ್ಲಿ ಬೈಲುಗದ್ದೆಯ ನೀರಿಗೆ ಮೊದಲು ಸಿಕ್ಕುವುದು ಮುಂದಿನ ಆಕ್ಸಲ್. ಅದನ್ನೇ ಹೊರಗಿಟ್ಟ ವಾರಂಟಿಗೆ ಈ ಬೆಲೆ ಹೆಚ್ಚೆಂದೇ ನಾನು ಹೇಳುತ್ತೇನೆ. ಆರು ತಿಂಗಳ ಸಮಯವಿದೆ ಎಂದಾದ ಮೇಲೆ ಈಗ ಬಿಲ್ಲಿಗೆ ಸೇರಿಸುವ ಅಗತ್ಯವೂ ಇಲ್ಲ. ಪತ್ತನಾಜೆಯ ಮೊದಲು ತಂದರೆ ಏಣೆಲಿನ ಕೆಸರಿನ ಕೆಲಸವೆಲ್ಲ ಆ ಅವಧಿಯೊಳಗೆ ಮುಗಿಯುತ್ತದೆ. ಗೇರ್ ಹಾಕುವಾಗ ಕಿರುಗುಟ್ಟುವುದು, ಗೇರ್ ತಾನಾಗಿ ಬಿಡುವುದು, ಹಿಂದಿನ ಆಕ್ಸಲಿನಲ್ಲಿ ಒಂದೇ ಸಮನೆ ಗುಂಯ್‌ಗುಡುವ ಶಬ್ದ, ಎಂಜಿನ್ ಆಯಿಲ್ ಮಟ್ಟ ಕಾರಣವಿಲ್ಲದೆ ಇಳಿಯುವುದು, ಇವುಗಳಲ್ಲಿ ಒಂದನ್ನು ಕಂಡರೂ ಆ ಗಡುವಿನೊಳಗೆ ವಾರಂಟಿ ಕೊಂಡುಬಿಡಿ, ಜೊತೆಗೆ ದೂರನ್ನು ಸರ್ವಿಸ್ ಕೇಂದ್ರದವರ ಕೆಲಸದ ಚೀಟಿಯಾದ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಇಟ್ಟುಕೊಳ್ಳಿ. ಏನೂ ಇಲ್ಲದಿದ್ದರೆ ಬಿಟ್ಟುಬಿಡಿ.

ಸರ್ವಿಸ್ ಬಗ್ಗೆ ಬರೆದ ಷರತ್ತನ್ನು ಮಾತ್ರ ಎರಡು ಬಾರಿ ಓದಿಕೊಳ್ಳಿ. ತಮಗೆ 6 ತಿಂಗಳಲ್ಲಿ 250 ಗಂಟೆ ಆಗುವುದಿಲ್ಲ, ಆದ್ದರಿಂದ ಗಂಟೆ ನೋಡಿಕೊಂಡು ಕುಳಿತರೆ ತಿಂಗಳ ಲೆಕ್ಕದ ದಿನ ದಾಟಿಹೋಗುತ್ತದೆ. ಕಡಿಮೆ ಓಡಿಸುವವರ ಕ್ಲೇಮ್ ಹೆಚ್ಚಾಗಿ ತಿರಸ್ಕೃತವಾಗುವುದು ಇಲ್ಲಿಯೇ, ಮತ್ತು ಇದು ಕಂಪನಿ ತಾನಾಗಿ ಕೊಡುವ ಮೊದಲ ಎರಡು ವರ್ಷದ ವಾರಂಟಿಗೂ ಅನ್ವಯಿಸುತ್ತದೆ. ಮಳೆಗಾಲದ ನಡುವೆ ಟ್ರ್ಯಾಕ್ಟರನ್ನು ಸರ್ವಿಸಿಗೆ ಒಯ್ಯಲು ಆಗದಿದ್ದರೆ ಮೆಕ್ಯಾನಿಕನ್ನು ಮನೆಗೇ ಕಳುಹಿಸಲು ಕೇಳಿ. ಬಂದವರು ಪುಸ್ತಕದಲ್ಲಿ ದಿನಾಂಕ ಮತ್ತು ಅವರ್ ಮೀಟರಿನ ಅಂಕಿ ಎರಡನ್ನೂ ಬರೆದು ಮುದ್ರೆ ಹಾಕಿದ ಮೇಲೆಯೇ ಸಹಿ ಮಾಡಿ.